ಶುಷ್ಕಾಧರ ಪ್ರಕರಣ

ಪ್ರತಿಯೊಂದು ವಾದ್ಯಕ್ಕೂ ಅದಕ್ಕೆ ತಕ್ಕ ಒಂದು ಉಪಚಾರವುಂಟು. ವೈಣಿಕರು ತಂತಿಯ ಮೇಲೆ ಬೆರಳು ಸರಾಗವಾಗಿ ಜಾರಲೆಂದು ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಪುಟ್ಟ ಬಟ್ಟಲನ್ನಿರಿಸಿಕೊಳ್ಳುವರು. ಪಿಟೀಲಿನವರು, ಜಾರುವುದೇ ತಮಗೆ ಅಪಾಯವೆಂದು, ಕಮಾನಿನ ಕುದುರೆಗೂದಲಿಗೆ ರಾಳವನ್ನು ಉಜ್ಜುವರು. ಮೃದಂಗದವರು ಎಡದ ಮುಖಕ್ಕೆ ರವೆಯನ್ನು ನಾದಿ ಮೆತ್ತುವುದನ್ನು ಕಂಡು, ಕಛೇರಿಯ ಅಂತ್ಯದಲ್ಲಿ ಉಪ್ಪಿಟ್ಟಿನ ಪ್ರಾಪ್ತಿಯುಂಟೆಂದು ಹಿಗ್ಗಿದ ಬಾಲಕರಲ್ಲಿ ನಾನೂ ಒಬ್ಬ. ನಾಗಸ್ವರದವರು ಸೀವಾಳಿಯನ್ನು ಬಾಯಲ್ಲಿಟ್ಟು ನೆನೆಸಿ ಹದಗೊಳಿಸಿದ ಹೊರತು ಮಂಗಳವಾದ್ಯವು ಮಂಗಳವನ್ನು ನುಡಿಯದು. ಹೀಗೆ ಎಣ್ಣೆ, ರಾಳ, ರವೆ, ತೇವ ಎಂಬ ಚತುರ್ವಿಧೋಪಚಾರಗಳನ್ನು ಉಳಿದ ವಾದ್ಯಗಳೆಲ್ಲವೂ ಸಂತೋಷದಿಂದ ಸ್ವೀಕರಿಸುತ್ತಿರಲು, ಮೌತ್ ಆರ್ಗನ್ ಎಂಬ ಬಡಪಾಯಿಯೊಂದೇ ಯಾವ ಉಪಚಾರವನ್ನೂ ಸಹಿಸದೆ, ತನ್ನ ಉಪಾಸಕನ ತುಟಿಯನ್ನೇ ನೈವೇದ್ಯವಾಗಿ ಬೇಡುತ್ತದೆ.

ಇದು ಅತಿಶಯೋಕ್ತಿಯೆಂದು ಭಾವಿಸುವವರು ಆ ವಾದ್ಯದ ಅಂಗರಚನೆಯನ್ನು ಕೊಂಚ ಅವಲೋಕಿಸಬೇಕು. ಷರಟಿನ ಜೇಬಿನಲ್ಲಿ ಅಡಗಿ ಕೂರುವ, 10 ಸೆಂಟಿಮೀಟರಿನಷ್ಟು ಉದ್ದದ ಸಾಮಾನ್ಯ ಮಾದರಿಯಲ್ಲಿ 10 ರಂಧ್ರಗಳಿದ್ದು, ಒಂದೊಂದಕ್ಕೂ ಹಿತ್ತಾಳೆಯ ಎರಡೆರಡು ತೆಳುನಾಲಗೆಗಳಿರುತ್ತವೆ. ಉಸಿರನ್ನು ಹೊರಬಿಟ್ಟರೆ ಒಂದು, ಒಳಗೆಳೆದರೆ ಇನ್ನೊಂದು ಕಂಪಿಸಿ ನುಡಿಯುತ್ತದೆ. ತತ್ತ್ವತಃ ಇದು ನಮ್ಮ ಭಜನಮಂಡಲಿಗಳ ಹಾರ್ಮೋನಿಯಮ್ಮಿನ ದಾಯಾದಿ. ಆದರೆ ಹಾರ್ಮೋನಿಯಮ್ಮಿಗೆ ಗಾಳಿಯನ್ನೊದಗಿಸಲು ತಿದಿಯುಂಟು. ಇಲ್ಲಿಯಾದರೋ ತಿದಿಯೂ ನಾವೇ, ಗಾಳಿ ಸೋರದಂತೆ ಬಿಗಿಹಿಡಿಯುವ ಹೊಣೆಯೂ ನಮ್ಮ ತುಟಿಗಳದೇ. ಕೊಳಲಿನವನ ತುಟಿ ಒಂದೆಡೆಯಲ್ಲಿ ನೆಲೆನಿಂತು ತಪಸ್ಸು ಮಾಡಿದರೆ ಸಾಕು. ಮೌತ್ ಆರ್ಗನ್ನಿನವನ ತುಟಿ ಮಂದ್ರದಿಂದ ತಾರಕ್ಕೂ ತಾರದಿಂದ ಮಂದ್ರಕ್ಕೂ ಲೋಹದ ಅಂಚಿನ ಮೇಲೆ ಎಡಬಲಕ್ಕೆ ಸಂಚರಿಸುತ್ತಲೇ ಇರಬೇಕು. ಹೊರಹೋಗುವ ಉಸಿರಿನಲ್ಲಾದರೂ ಒಡಲಿನ ತೇವವಿಷ್ಟು ಇರುತ್ತದೆ. ಒಳಬರುವ ಗಾಳಿಯು ಮಾಗಿಯ ಒಣಹವೆಯನ್ನೇ ಹೊತ್ತು ತಂದು, ತುಟಿಯಲ್ಲಿ ಅಳಿದುಳಿದ ಪಸೆಯನ್ನು ಸುಂಕವೆಂಬಂತೆ ವಸೂಲು ಮಾಡಿಕೊಂಡು ಮುಂದೆ ಸಾಗುತ್ತದೆ. 1857ರಲ್ಲಿ ಜರ್ಮನಿಯ ಟ್ರೊಸಿಂಗೆನ್ ಎಂಬ ಊರಿನಲ್ಲಿ ಈ ವಾದ್ಯದ ತಯಾರಿಕೆಯನ್ನು ಆರಂಭಿಸಿ, ಮುಂದೆ ಅದು ಲೋಕವನ್ನೆಲ್ಲ ವ್ಯಾಪಿಸಲು ಕಾರಣನಾದ ಮಥಿಯಾಸ್ ಹೋನರ್ ಮೂಲತಃ ಗಡಿಯಾರದ ಕಸುಬಿನವನು. ಗಡಿಯಾರವು ತುಟಿಯ ನೆರವಿಲ್ಲದೆ ನಡೆಯುವ ಯಂತ್ರವಾದುದರಿಂದ, ವಾದ್ಯದ ಜೊತೆಗೆ ತುಟಿಗೂ ಏನಾದರೊಂದು ಅನುಕೂಲವನ್ನು ಕಲ್ಪಿಸಬೇಕೆಂದು ಆ ಮಹಾಶಯನಿಗೆ ತೋಚದೇ ಹೋದದ್ದು ಕ್ಷಮಾರ್ಹವೇ ಸರಿ.

ಇನ್ನು ತುಟಿಯ ವಿಚಾರ. ನಮ್ಮ ಕವಿಗಳು ಅದನ್ನು ತೊಂಡೆಹಣ್ಣಿಗೂ ಹವಳಕ್ಕೂ ಚಿಗುರಿಗೂ ಹೋಲಿಸಿ ದಣಿದಿದ್ದಾರೆಯೇ ಹೊರತು, ಡಿಸೆಂಬರ್ ತಿಂಗಳ ಮೈಸೂರಿನಲ್ಲಿ ಅದು ಯಾವ ವಸ್ತುವಿಗೆ ಸಮಾನವಾಗುವುದೆಂಬುದನ್ನು ಅಲಂಕಾರಶಾಸ್ತ್ರದಲ್ಲಿ ಯಾರೂ ನಿರೂಪಿಸಿದಂತಿಲ್ಲ. ವೈದ್ಯರನ್ನು ಕೇಳಿದರೆ ರಹಸ್ಯ ತಿಳಿಯುತ್ತದೆ: ಮೈಯ ಉಳಿದ ಚರ್ಮಕ್ಕೆ ಬೆವರಿನ ಗ್ರಂಥಿಗಳೂ ಜಿಡ್ಡನ್ನೊಸರುವ ಗ್ರಂಥಿಗಳೂ ಇದ್ದು ಹಗಲಿರುಳೂ ಅಭ್ಯಂಜನ ನಡೆಯುತ್ತಿರುವಲ್ಲಿ, ತುಟಿಯ ಕೆಂಪು ಭಾಗಕ್ಕೆ ಬೆವರಿನ ಗ್ರಂಥಿಗಳಿಲ್ಲ, ಜಿಡ್ಡಿನ ಗ್ರಂಥಿಗಳು ಇಲ್ಲವೆನ್ನುವಷ್ಟು ವಿರಳ, ಮೇಲಿನ ಪದರವೂ ಅತ್ಯಂತ ತೆಳು. ಮುಖದ ಅಂಗಗಳಲ್ಲೆಲ್ಲ ಹೆಚ್ಚು ದುಡಿಯುವುದಕ್ಕೇ ಎಲ್ಲಕ್ಕಿಂತ ಕಡಿಮೆ ಸಂಬಳವೆಂಬ ಈ ನ್ಯಾಯವು ಸೃಷ್ಟಿಕರ್ತನ ಕಚೇರಿಯಲ್ಲಿಯೂ ಜಾರಿಯಲ್ಲಿರುವುದನ್ನು ಕಂಡು, ಗುಮಾಸ್ತನಾದ ನನಗೆ ಒಂದು ಬಗೆಯ ಸಮಾಧಾನವಾದದ್ದುಂಟು. ಇಂಥ ತುಟಿಯನ್ನು ತಣ್ಣಗಿನ ಲೋಹದ ಮೇಲಿಟ್ಟು ರಾಗವೊಂದರ ಆರೋಹಣವನ್ನು ಆರಂಭಿಸಿದರೆ, ಅದು ಎರಡನೆಯ ಸ್ವರದಲ್ಲಿಯೇ, ಪಳಗದ ಹಂಚಿಗೆ ಕಚ್ಚಿಕೊಂಡ ದೋಸೆಯಂತೆ ನಿಂತುಬಿಡುತ್ತದೆ. ಬಲವಂತವಾಗಿ ಎಬ್ಬಿಸಿದಿರೋ, ರಾಗವು ಮುಂದೆ ಹೋಗುತ್ತದೆ, ಚರ್ಮವು ಹಿಂದೆ ಉಳಿಯುತ್ತದೆ.

ಹಾಗಾದರೆ ನಾಲಗೆಯಿಂದ ಸವರಿಕೊಳ್ಳಬಾರದೇ ಎಂದು ವಾಚಕರು ಕೇಳಬಹುದು. ಪ್ರಕೃತಿಯು ಮನುಷ್ಯನಿಗೆ ಮೊದಲು ಸೂಚಿಸುವ ಉಪಾಯವೂ ಅದೇ, ಕೊನೆಗೆ ಅವನನ್ನು ಕೆಡಿಸುವ ಉಪಾಯವೂ ಅದೇ. ಸವರಿದ ಜೊಲ್ಲು ಕ್ಷಣಮಾತ್ರ ಹಿತವನ್ನುಂಟುಮಾಡಿ, ಆರುವಾಗ ತುಟಿಯ ಸ್ವಂತ ತೇವವನ್ನೂ ಜೊತೆಗೇ ಕರೆದೊಯ್ಯುತ್ತದೆ; ಸಾಲದುದಕ್ಕೆ, ಅನ್ನವನ್ನು ಅರಗಿಸಲೆಂದು ಅದರಲ್ಲಿರುವ ರಸಗಳು ಅನ್ನವು ದೊರೆಯದಿದ್ದಾಗ ತುಟಿಯನ್ನೇ ಉರಿಸತೊಡಗುತ್ತವೆ. ಒಮ್ಮೆ ಸವರಿದವನು ಮತ್ತೊಮ್ಮೆ ಸವರಬೇಕಾಗುತ್ತದೆ. ವ್ಯಸನಗಳ ಲಕ್ಷಣವೇ ಇದೆಂದು ನೀತಿಶಾಸ್ತ್ರಜ್ಞರು ಹೇಳಬಲ್ಲರು.

ಆಗ ಗೃಹವೈದ್ಯವು ರಂಗಪ್ರವೇಶ ಮಾಡುತ್ತದೆ. ನಮ್ಮ ಮನೆಯಲ್ಲಿ ಸಂಗೀತದ ಬಗ್ಗೆ ಅಭಿಪ್ರಾಯಭೇದಗಳಿದ್ದರೂ ಚಿಕಿತ್ಸೆಯ ವಿಷಯದಲ್ಲಿ ಉತ್ಸಾಹಭೇದವಿಲ್ಲ. ನನ್ನ ಸೋದರತ್ತೆಯವರು, ತುಟಿ ಒಡೆದರೆ ಹೊಕ್ಕುಳಿಗೆ ಎಣ್ಣೆ ಬಿಡಬೇಕೆಂಬ ಸನಾತನ ಸಿದ್ಧಾಂತದವರು. ರೋಗವು ಒಂದೆಡೆ, ಔಷಧವು ಒಂದು ಮೊಳ ಕೆಳಗೆ ಇರುವುದರ ತರ್ಕವನ್ನು ಪ್ರಶ್ನಿಸಿದವರಿಗೆ, ಬೇರಿಗೆ ನೀರು ಹಾಕಿದರೆ ತುದಿ ಚಿಗುರುವುದಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕುವರು. ಭಾವನವರದು ಜೇನುತುಪ್ಪದ ಪಕ್ಷ. ಆ ಪಕ್ಷವನ್ನನುಸರಿಸಿದ ಮರುದಿನ ಬೆಳಗ್ಗೆ, ವಾದ್ಯದ ಹತ್ತು ರಂಧ್ರಗಳಲ್ಲಿಯೂ ಇರುವೆಗಳು ಸಕುಟುಂಬವಾಗಿ ಬಿಡಾರ ಹೂಡಿದ್ದವು. ನನ್ನ ಹೆಂಡತಿಯು ಮಾತ್ರ ಯಾವ ಲೇಪವನ್ನೂ ಸೂಚಿಸದೆ, "ಮೂರು ತಿಂಗಳು ಅದನ್ನು ಬೀರುವಿನೊಳಗಿಟ್ಟರೆ ತುಟಿ ತಾನಾಗಿಯೇ ವಾಸಿಯಾಗುತ್ತಲ್ಲ, ಬೇಕಾದರೆ ಬೀಗ ನಾನೇ ಹಾಕ್ತೀನಿ" ಎಂದಳು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ನಿರ್ದುಷ್ಟವಾದ ಸಲಹೆ ಬೇರೊಂದಿಲ್ಲವಾದ್ದರಿಂದ ನಾನು ಮಾತನ್ನು ಬೇರೆಡೆಗೆ ತಿರುಗಿಸಿದೆನು.

ಬೆಣ್ಣೆ, ತುಪ್ಪ, ವ್ಯಾಸಲೀನ್ ಮೊದಲಾದ ಸ್ನಿಗ್ಧದ್ರವ್ಯಗಳಲ್ಲಿ ನನಗೆ ಗೌರವವಿಲ್ಲದಿಲ್ಲ. ತುಟಿಗೆ ಅವು ಅಮೃತ; ವಾದ್ಯಕ್ಕೆ ವಿಷ. ಹಿತ್ತಾಳೆಯ ನಾಲಗೆಯು ತನ್ನ ಚೌಕಟ್ಟಿನೊಳಗೆ ಆಡಲು ಇರುವ ಎಡೆಯು ಕೂದಲೆಳೆಯಷ್ಟು ಕಿರಿದು. ತುಟಿಯ ಮೇಲಿನ ಜಿಡ್ಡು ಉಸಿರಿನೊಡನೆ ಅಲ್ಲಿಗೆ ತಲುಪಿ, ಧೂಳಿನೊಡನೆ ಸಖ್ಯವನ್ನು ಬೆಳೆಸಿತೆಂದರೆ, ಮಧ್ಯಮವೋ ಪಂಚಮವೋ ಹೇಳದೆ ಕೇಳದೆ ಮೌನವ್ರತವನ್ನು ಹಿಡಿಯುತ್ತದೆ. ಎಣ್ಣೆ ಹಚ್ಚಿದರೆ ಸ್ವರ ಹೋಗುತ್ತದೆ, ಹಚ್ಚದಿದ್ದರೆ ತುಟಿ ಹೋಗುತ್ತದೆ ಎಂಬ ಈ ಉಭಯಸಂಕಟವನ್ನು ಧ್ಯಾನಿಸುತ್ತಿದ್ದಾಗ ನನಗೊಂದು ಪೌರಾಣಿಕ ಸತ್ಯವು ಹೊಳೆಯಿತು. ಗೋಕುಲದ ಕೃಷ್ಣನು ಮನೆಮನೆಗೂ ನುಗ್ಗಿ ಬೆಣ್ಣೆಯನ್ನು ಕದ್ದದ್ದು ಹೊಟ್ಟೆಬಾಕತನದಿಂದಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಯಮುನೆಯ ತಣ್ಣನೆಯ ಗಾಳಿಗೆ ತುಟಿಯೊಡ್ಡಿ ಕೊಳಲನ್ನೂದಬೇಕಾಗಿದ್ದ ಒಬ್ಬ ವೃತ್ತಿಪರನ ನಿತ್ಯಾವಶ್ಯಕತೆಯದು. ವ್ಯಾಖ್ಯಾನಕಾರರು ಊದುವವರಲ್ಲದ ಕಾರಣ ಈ ಅರ್ಥವು ಅವರಿಗೆ ಗೋಚರಿಸಲಿಲ್ಲ. ಈ ಸಂಶೋಧನೆಯನ್ನು ಸೋದರತ್ತೆಯವರ ಮುಂದಿಟ್ಟು, ಬೆಣ್ಣೆಯ ಬಟ್ಟಲಿಗಾಗಿ ಕೈ ಚಾಚಿದೆ. ಅವರು ಜಪಮಣಿಯನ್ನು ನಿಲ್ಲಿಸದೆಯೇ ನುಡಿದರು: "ಕೃಷ್ಣನ ಕೊಳಲಿನೊಳಗೆ ಬೆಣ್ಣೆ ಸಿಕ್ಕಿಕೊಳ್ಳೋದಕ್ಕೆ ನಾಲಗೆ ಇತ್ತೇನೋ? ನಿನ್ನ ಪೀಪಿಗೆ ಇಪ್ಪತ್ತಂತೆ. ಈ ಮನೆಗೆ ನನ್ನದೊಂದೇ ಸಾಕು ಕಣೋ." ಪ್ರಮೇಯವೂ ಬಿತ್ತು, ಬಟ್ಟಲೂ ಒಳಗೆ ಹೋಯಿತು.

ಮಹಾಪುರುಷರು ಈ ಸಂಕಟವನ್ನು ಹೇಗೆ ದಾಟಿದರೆಂದು ವಿಚಾರಿಸಿದರೆ, ಅನೇಕರು ಶ್ರಮವಿಭಜನೆಯಿಂದ ದಾಟಿದಂತೆ ತೋರುತ್ತದೆ. 1964ರ 'ದೋಸ್ತಿ' ಚಿತ್ರದಲ್ಲಿ ಮೌತ್ ಆರ್ಗನ್ನನ್ನು ತುಟಿಗೆ ಹಿಡಿದವನು ನಟ. ಉಸಿರು ಕೊಟ್ಟವರು ಆರ್. ಡಿ. ಬರ್ಮನ್. 1975ರ 'ಶೋಲೆ'ಯಲ್ಲಿ ಇಳಿಹೊತ್ತಿನಲ್ಲಿ ಕುಳಿತು ನುಡಿಸಿದಂತೆ ಕಾಣುವವರು ಅಮಿತಾಭ್ ಬಚ್ಚನ್. ನಿಜವಾಗಿ ನುಡಿಸಿದವರು ಭಾನು ಗುಪ್ತ. ಒಬ್ಬನ ತುಟಿ, ಇನ್ನೊಬ್ಬನ ಉಸಿರು ಎಂಬ ಈ ಏರ್ಪಾಡಿನಲ್ಲಿ ತೆರೆಯ ಮೇಲಿನ ತುಟಿಯು ಒಡೆಯುವ ಸಂಭವವೇ ಇಲ್ಲ. ಇನ್ನು 1965ರ ಡಿಸೆಂಬರ್ 16ರಂದು ಜೆಮಿನಿ 6 ನೌಕೆಯಲ್ಲಿ ಭೂಮಿಯನ್ನು ಸುತ್ತುತ್ತಿದ್ದ ವಾಲ್ಟರ್ ಶಿರಾ ಎಂಬ ಗಗನಯಾತ್ರಿಯು ಕ್ರಿಸ್‌ಮಸ್ಸಿನ ಹಾಡೊಂದನ್ನು ಮೌತ್ ಆರ್ಗನ್ನಿನಲ್ಲಿ ನುಡಿಸಿದನಷ್ಟೆ. ಆದರೆ ಅವನು ಜೊತೆಗೊಯ್ದದ್ದು ನಾಲ್ಕೇ ರಂಧ್ರಗಳ ಪುಟಾಣಿ ವಾದ್ಯ. ತುಟಿಯು ಸಂಚರಿಸಬೇಕಾದ ದೂರವನ್ನೇ ಇಷ್ಟು ಕಡಿತಗೊಳಿಸಿದವನನ್ನು ವಿವೇಕಿಯೆನ್ನದೆ ವಿಧಿಯಿಲ್ಲ.

ಶ್ರಮವಿಭಜನೆಗೂ ಗಗನಯಾನಕ್ಕೂ ಅವಕಾಶವಿಲ್ಲದ ಸಾಮಾನ್ಯ ಗೃಹಸ್ಥನಿಗೆ ಬಲ್ಲವರು ಹೇಳುವ ಮಾರ್ಗವು ಬಹು ಸರಳ. ಬೆಣ್ಣೆಯನ್ನೋ ತುಪ್ಪವನ್ನೋ ರಾತ್ರಿ ಮಲಗುವಾಗ ಹಚ್ಚಿಕೊಂಡು, ವಾದ್ಯವನ್ನು ಮುಟ್ಟುವ ಮುನ್ನ ಚೆನ್ನಾಗಿ ಒರೆಸಿಬಿಡಬೇಕು. ನುಡಿಸಲು ಕೂರುವ ಮುಂಚೆ ಬಾಯಿ ಮುಕ್ಕಳಿಸಿ ನೀರು ಕುಡಿಯಬೇಕು. ಕಾಫಿಯೂ ಸಿಹಿತಿಂಡಿಯೂ ಆಮೇಲೆ, ಏಕೆಂದರೆ ಸಕ್ಕರೆಯು ಹಿತ್ತಾಳೆಯ ನಾಲಗೆಗೆ ಅಂಟಿದರೆ ಜಿಡ್ಡಿಗಿಂತ ಹಟಮಾರಿ. ವಾದ್ಯವನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗಾಗಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯಿಂದ ಅದನ್ನು ತುಟಿಯ ತುದಿಗೆ ತಾಗಿಸದೆ, ಸಾಕಷ್ಟು ಒಳಕ್ಕೆ ತೆಗೆದುಕೊಂಡು, ಎಂದೂ ಆರದ ಒಳತುಟಿಯ ಮೇಲೆ ಕೂರಿಸಿ, ಒತ್ತದೆ ಹಗುರವಾಗಿ ಸರಿಸಬೇಕು. ಜಾರದಿದ್ದರೆ ತುಟಿಯನ್ನಲ್ಲ, ವಾದ್ಯದ ಅಂಚನ್ನೇ ನಾಲಗೆಯಿಂದ ಒಮ್ಮೆ ಸವರುವ ಪದ್ಧತಿಯೂ ಉಂಟು. ಮಡಿವಂತರ ಮನೆಯಲ್ಲಿ ಇದನ್ನು ಬಾಗಿಲು ಹಾಕಿಕೊಂಡು ಮಾಡುವುದು ಕ್ಷೇಮ. ಅಮೆರಿಕದ ಹಳೆಯ ಬ್ಲೂಸ್ ವಾದಕರಲ್ಲಿ ಕೆಲವರು ಇಡೀ ವಾದ್ಯವನ್ನೇ ನೀರಿನಲ್ಲಿ ಅದ್ದಿ ನುಡಿಸುತ್ತಿದ್ದುದುಂಟಾದರೂ, ಒಳಗಿನ ಮರವು ಉಬ್ಬಿ, ಆರಿದ ಮೇಲೆ ಬಿರಿದು, ಅದರ ಸಿಬಿರು ಅದೇ ತುಟಿಗೆ ಚುಚ್ಚುವುದರಿಂದ ಅದು ಅನುಕರಣೀಯವಲ್ಲ. ಅಂತೂ ವೀಣೆಯನ್ನು ಬಿರಡೆ ತಿರುವಿ ಶ್ರುತಿಮಾಡಬಹುದು, ಮೃದಂಗವನ್ನು ತಟ್ಟಿ ಶ್ರುತಿಮಾಡಬಹುದು. ಮೌತ್ ಆರ್ಗನ್ನಿನಲ್ಲಿ ವಾದಕನು ಕೂತಲ್ಲಿಯೇ ಸರಿಪಡಿಸಿಕೊಳ್ಳಬಹುದಾದ ಭಾಗವೆಂದರೆ ವಾದಕನೊಬ್ಬನೇ.

ಆದಕಾರಣ, ಮೌತ್ ಆರ್ಗನ್ನಿನವನ ನೆರೆಹೊರೆಯಲ್ಲಿ ವಾಸಿಸುವ ಪುಣ್ಯವನ್ನು ಪಡೆದ ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ಮಾಗಿಯ ಸಂಜೆ ಪಕ್ಕದ ಮನೆಯ ನಾದವು ಇದ್ದಕ್ಕಿದ್ದಂತೆ ನಿಂತರೆ, ದೇವರು ತಮ್ಮ ಮೊರೆಯನ್ನು ಆಲಿಸಿದನೆಂದು ಅವಸರದಿಂದ ಹರಕೆ ತೀರಿಸಲು ಹೊರಡಬೇಡಿರಿ. ಅವನು ನೀರು ಕುಡಿಯಲು ಒಳಕ್ಕೆ ಹೋಗಿದ್ದಾನೆ, ಅಷ್ಟೆ.