ಅಪ್‌ಡೇಟ್ ಸಾಹೇಬರ ಹೆಸರಿಗೊಂದು ಬಟವಾಡೆ ಬಾಕಿ

ಮೂಡಿಗೆರೆ ಬಸ್ ಸ್ಟ್ಯಾಂಡ್
ಬುಧವಾರ, ಮಧ್ಯಾಹ್ನ ಮೂರೂಕಾಲು

ಶ್ರೀಮಾನ್ ಅಪ್‌ಡೇಟ್ ಸಾಹೇಬರಿಗೆ,

ಕಳಸದ ಬಸ್ಸು ಇನ್ನೂ ಬಂದಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇದೆ. ಆದರೆ ಈ ಪತ್ರ ಬರೆಯುತ್ತಿರುವುದು ಅದರಲ್ಲಲ್ಲ, ಅದರ ಮೇಲೆ. ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿಯನ್ನು ಲ್ಯಾಪ್‌ಟಾಪಿನ ಬೆನ್ನ ಮೇಲಿಟ್ಟುಕೊಂಡು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಈ ನಾಲ್ಕು ದಿನಗಳಲ್ಲಿ ಆ ಯಂತ್ರದಿಂದ ನನಗಾದ ಮೊದಲ ಉಪಕಾರ ಇದು. ಡೈರಿಯ ವಿಷಯ ಹೇಳಬೇಕೆಂದರೆ, ಇದುವರೆಗೆ ಒಮ್ಮೆಯೂ ನನ್ನನ್ನು ಕೇಳದೆ ಅದು ಮುಚ್ಚಿಕೊಂಡಿಲ್ಲ.

ತಮ್ಮನ್ನು ಕಳಿಸುವ ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಯಂತ್ರದ ಜತೆ ನಾಳೆಯೂ ಬಾಳಬೇಕು. ತಮಗೇ ನೇರವಾಗಿ ಬರೆಯುತ್ತಿದ್ದೇನೆ.

ಶನಿವಾರ ನಮ್ಮಲ್ಲಿ ಬಟವಾಡೆ. ರೊಬಸ್ಟಾ ಕೊಯ್ಲು ಜೋರಿನಲ್ಲಿದೆ, ಕೂಲಿ ಕೆಜಿ ಲೆಕ್ಕದಲ್ಲಿ. ನಾಲ್ಕೂವರೆಗೆ ಕಣದ ಹತ್ತಿರ ಮೂಟೆ ತೂಗುವುದು, ಐದೂವರೆಗೆ ಜಗಲಿಯಲ್ಲಿ ದುಡ್ಡು ಕೊಡುವುದು. ಒಟ್ಟು ಇಪ್ಪತ್ತೆರಡು ಜನ. ಅರ್ಧ ನಮ್ಮ ಊರಿನವರೇ, ಉಳಿದವರು ಅಸ್ಸಾಮಿನಿಂದ ಬಂದ ಹುಡುಗರು. ವಾರದ ತೂಕದ ಚೀಟಿಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿ, ಮುಂಗಡ ಕಳೆದು, ಲೆಕ್ಕ ಮುಗಿಯಿತಲ್ಲ ಎಂದು ಚೀಟಿಗಳನ್ನು ಬಚ್ಚಲೊಲೆಗೆ ಹಾಕಿಬಿಟ್ಟೆ. ಸೇವ್ ಮಾಡಿರಲಿಲ್ಲ. ಇದು ನನ್ನ ತಪ್ಪು, ಒಪ್ಪಿದೆ. ಪತ್ರದಲ್ಲಿ ನನ್ನ ತಪ್ಪು ಇದೊಂದೇ, ಇನ್ನು ಮುಂದೆ ಎಲ್ಲವೂ ತಮ್ಮದೇ.

ದುಡ್ಡಿನ ಕಟ್ಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪರದೆಯ ನಡುವೆ ಚುಕ್ಕಿಗಳ ಉಂಗುರವೊಂದು ಗಿರಗಿರ ತಿರುಗುತ್ತಿತ್ತು. ಕೆಳಗೆ: 27% ಪೂರ್ಣ. ಕಂಪ್ಯೂಟರ್ ಆಫ್ ಮಾಡಬೇಡಿ.

ಮೇಸ್ತ್ರಿ ಬಗ್ಗಿ ನೋಡಿದ.

"ಎಂತ ಆಯ್ತು ಸಾವ್ಕಾರ್ರೆ ಅದಕ್ಕೆ?"

"ಅಪ್‌ಡೇಟ್ ಅಂತೆ."

"ಯಾರು ಹೇಳಿದ್ದು ಮಾಡೋಕೆ?"

"ಯಾರೂ ಹೇಳಿಲ್ಲ ಮಾರಾಯ. ಅದೇ ಮಾಡ್ಕೊಳ್ತದೆ."

ಸ್ವಲ್ಪ ಹೊತ್ತು ಉಂಗುರವನ್ನೇ ನೋಡಿದ. ಆಮೇಲೆ ಕೇಳಿದ: "ಹಂಗಾದ್ರೆ ಇದು ಯಾರ ಆಳು?"

ಸಾಹೇಬರೆ, ನಾಲ್ಕು ದಿನದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ದುಡ್ಡು ಕೊಟ್ಟವನು ನಾನು. ಕರೆಂಟು ನನ್ನದು, ಡೇಟಾ ನನ್ನದು, ಇಟ್ಟಿರುವ ಮೇಜು ನನ್ನಪ್ಪ ಹಲಸಿನ ಹಲಗೆಯಲ್ಲಿ ಮಾಡಿಸಿದ್ದು. ಆದರೆ ಕೆಲಸದ ನಡುವೆ ಎದ್ದು ಹೋಗು ಎಂದು ಅದಕ್ಕೆ ಹೇಳುವವರು ತಾವು. ನಮ್ಮ ತೋಟದಲ್ಲಿ ಹೇಳದೆ ಕೇಳದೆ ಮಧ್ಯಾಹ್ನ ಎದ್ದು ಹೋದವನಿಗೆ ಮಸ್ಟರಿನಲ್ಲಿ ಅರ್ಧ ದಿನ ಹಾಕುತ್ತೇವೆ. ತಮಗೆ ಹಾಕಲು ಮಸ್ಟರೇ ಇರಲಿಲ್ಲ, ಅದು ಲ್ಯಾಪ್‌ಟಾಪಿನ ಒಳಗಿತ್ತು.

ಐದೂವರೆಗೂ 27, ಆರಕ್ಕೂ 27. ಅಸ್ಸಾಮಿನ ಹುಡುಗನೊಬ್ಬ ಅದರ ವಿಡಿಯೋ ಮಾಡಿದ. ಬಹುಶಃ ಈಗ ಬ್ರಹ್ಮಪುತ್ರದ ದಂಡೆಯಲ್ಲಿ ಯಾರೋ ನನ್ನ ಜಗಲಿ ನೋಡಿ ನಗುತ್ತಿದ್ದಾರೆ. ಆರೂ ಹತ್ತಕ್ಕೆ, ನಮ್ಮ ಕಡೆ ದಿನವೂ ಹೋಗುವಂತೆ, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ. ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ನನಗೆ ಹೇಳಿ ಏನು ಪ್ರಯೋಜನ ಸಾಹೇಬರೆ? ಕರೆಂಟಿನವರಿಗೆ ಹೇಳಿ. ಅವರು ನನ್ನ ಮಾತಂತೂ ಕೇಳುವುದಿಲ್ಲ, ತಮ್ಮದನ್ನಾದರೂ ಕೇಳಬಹುದು.

ಇನ್ನೊಂದು ಮಾತು. ತೇಜಸ್ವಿಯವರು ಇದೇ ಮೂಡಿಗೆರೆಯಲ್ಲಿ ಕೂತು ಕಂಪ್ಯೂಟರಿಗೆ ಸರಿಯಾದ ಕನ್ನಡ ಬರಬೇಕೆಂದು ವರ್ಷಗಟ್ಟಲೆ ಗುದ್ದಾಡಿದರು. ಆ ಅಭಿಮಾನಕ್ಕೇ ನಾನು ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡಿದ್ದೆ. ಕನ್ನಡ ಕಲಿತ ಯಂತ್ರ ನನಗೆ ಹೇಳಿದ ಮೊದಲ ಮುಖ್ಯ ಮಾತು: ಮುಟ್ಟಬೇಡಿ.

ತಡೆಯುವ ಪ್ರಯತ್ನ ಮಾಡಲಿಲ್ಲ ಎಂದುಕೊಳ್ಳಬೇಡಿ. ಮಾಡಿದೆ. ಕೊಯ್ಲು ಶುರುವಾಗುತ್ತಿದ್ದಂತೆ ಸೆಟ್ಟಿಂಗ್ಸ್ ಒಳಗೆ ಹೋಗಿ, ಬೆಂಗಳೂರಿನಲ್ಲಿರುವ ಸೋದರಳಿಯ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ತಮ್ಮನ್ನು "ಪಾಝ್" ಮಾಡಿ ನಿಲ್ಲಿಸಿದೆ. ಎಷ್ಟು ದಿನ? ಹೆಚ್ಚೆಂದರೆ 35. ಅದು ಮುಗಿದ ಮೇಲೆ ಇನ್ನೊಮ್ಮೆ ನಿಲ್ಲಿಸೋಣ ಎಂದರೆ, ಮೊದಲು ಬಂದದ್ದನ್ನು ಹಾಕಿಕೊಳ್ಳಿ, ಆಮೇಲೆ ಮಾತಾಡೋಣ ಎನ್ನುತ್ತೀರಿ. 35 ದಿನದಲ್ಲಿ ಯಾವ ತೋಟದ ಕೊಯ್ಲು ಮುಗಿಯುತ್ತದೆ ಸಾಹೇಬರೆ? ನಮ್ಮಲ್ಲಿ ಅರೇಬಿಕಾ ನವೆಂಬರಿನಲ್ಲಿ ಕೈಗೆ ಹತ್ತಿದರೆ ರೊಬಸ್ಟಾ ಮುಗಿಯುವಾಗ ಮಾರ್ಚಿ ಬಂದಿರುತ್ತದೆ. ಹಣ್ಣು ಎಲ್ಲ ಗಿಡದಲ್ಲೂ ಒಟ್ಟಿಗೆ ಆಗುವುದಿಲ್ಲ, ಸುತ್ತು ಸುತ್ತು ಕೊಯ್ಯಬೇಕು. ಕೊಯ್ಲು ಮುಗಿಯಿತು ಎನ್ನುವಷ್ಟರಲ್ಲಿ ಹೂ ಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವ ಕೆಲಸ. ಈ 35ನ್ನು ಲೆಕ್ಕ ಹಾಕಿದವರು ಒಮ್ಮೆಯಾದರೂ ಒಂದು ಗಿಡದ ಹಣ್ಣು ಬಿಡಿಸಿದ್ದಾರೆಯೇ? ಬೇಡ, ಕಾಫಿಯನ್ನಾದರೂ ಕುಡಿದಿದ್ದಾರೆಯೇ?

ಇನ್ನು "ಕೆಲಸದ ಸಮಯ" ಎಂಬ ತಮ್ಮ ಕರುಣೆ. ಆ ಹೊತ್ತಿನಲ್ಲಿ ತಾವು ಯಂತ್ರವನ್ನು ಮಲಗಿಸಿ ಎಬ್ಬಿಸುವುದಿಲ್ಲವಂತೆ. ನನ್ನದರಲ್ಲಿ ಅದು ಬೆಳಗ್ಗೆ 8ರಿಂದ ಸಂಜೆ 5 ಎಂದು ಮೊದಲೇ ಬರೆದಿತ್ತು. ಮೇಸ್ತ್ರಿಗೆ ಹೇಳಿದರೆ ಅವನಿಗೆ ಖುಷಿಯೋ ಖುಷಿ: "ನಮ್ ಮಸ್ಟರ್ ಟೈಮೇ ಆಯ್ತಲ್ಲ!" ಹೌದು, ಅದೇ ಕಷ್ಟ. ಆಳುಗಳೆಲ್ಲ ಕೆಲಸ ಬಿಟ್ಟು ಜಗಲಿಗೆ ಬರುವುದಕ್ಕೂ ತಮ್ಮ ಆಳು ಕೆಲಸ ಬಿಡುವುದಕ್ಕೂ ಒಂದೇ ಹೊತ್ತು. ಬಟವಾಡೆ ಎನ್ನುವುದು ಐದರ ನಂತರವೇ ಇರುವ ಕೆಲಸ ಎಂದು ತಮಗೆ ಹೇಳುವವರು ಯಾರು?

ಅದನ್ನು ಹಿಗ್ಗಿಸಬಹುದು, ಗೊತ್ತು. ಇವತ್ತು ಮೂಡಿಗೆರೆಯ ರಿಪೇರಿ ಅಂಗಡಿಯ ಹುಡುಗ ಹಿಗ್ಗಿಸಿಕೊಟ್ಟ. ಆದರೂ ಹದಿನೆಂಟು ಗಂಟೆಗಿಂತ ಹೆಚ್ಚು ಕೊಡುವುದಿಲ್ಲವಂತೆ. ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ಲ್ಯಾಪ್‌ಟಾಪ್ ನನ್ನದು, ಉಳಿದ ಆರು ಗಂಟೆ ತಮ್ಮದು. ಆಗಲಿ. ಆ ಹೊತ್ತಿನಲ್ಲಿ ಮೂಡಿಗೆರೆ ಸೀಮೆಯ ಎಷ್ಟೋ ತೋಟಗಳು ಆನೆಗಳದ್ದು. ಅವುಗಳೂ ಕೇಳದೆಯೇ ಬರುತ್ತವೆ, ಬಾಳೆ ಮುರಿಯುತ್ತವೆ, ಬೇಲಿ ಕಿತ್ತು ಹೋಗುತ್ತವೆ. ಆದರೆ ಆನೆ ಎಂದೂ 27%ಕ್ಕೆ ನಿಂತು, ನನ್ನನ್ನು ಆಫ್ ಮಾಡಬೇಡಿ ಎಂದಿದ್ದಿಲ್ಲ.

ಮೂರನೆಯ ಉಪಾಯ "ಮೀಟರ್ಡ್ ಕನೆಕ್ಷನ್". ಈ ಇಂಟರ್‌ನೆಟ್ಟಿಗೆ ಮೀಟರ್ ಇದೆ, ಸುಮ್ಮನೆ ಎಳೆಯಬೇಡಿ ಎಂದು ಯಂತ್ರಕ್ಕೆ ಹೇಳಿಬಿಟ್ಟರೆ ತಾವು ದೊಡ್ಡ ಮೂಟೆಗಳನ್ನು ಇಳಿಸುವುದನ್ನು ಕಡಿಮೆ ಮಾಡುತ್ತೀರಂತೆ. ನಮ್ಮದು ಫೋನಿನ ಹಾಟ್‌ಸ್ಪಾಟ್. ಸಿಗ್ನಲ್ ಸಿಗುವುದು ಗೋದಾಮಿನ ಮೆಟ್ಟಿಲ ಮೇಲೆ, ಅದೂ ಮೇಲಿನ ಮೆಟ್ಟಿಲು. ದಿನಕ್ಕೆ ಒಂದೂವರೆ ಜಿಬಿ. ಕಾಫಿ ರೇಟು ನೋಡೋಣ ಎಂದು ಹತ್ತು ನಿಮಿಷ ಹಚ್ಚಿದರೆ ಅಷ್ಟನ್ನೂ ತಾವು ನುಂಗಿರುತ್ತೀರಿ, ರೇಟು ಇನ್ನೂ ತೆರೆದಿರುವುದಿಲ್ಲ. ಈಗ ಮೀಟರ್ ಹಾಕಿಸಿದ್ದೇನೆ. ಆದರೆ ನಂಬಿಕೆ ಇಲ್ಲ. ಮೀಟರ್ ಹಾಕಿ ಎಂದರೆ ಬೆಂಗಳೂರಿನ ಆಟೋದವರೇ ಕೇಳುವುದಿಲ್ಲ, ತಾವು ಕೇಳುತ್ತೀರಾ?

ಗ್ರೂಪ್ ಪಾಲಿಸಿ ಎಂಬ ಬ್ರಹ್ಮಾಸ್ತ್ರವೂ ಇದೆಯಂತೆ. ಯಾರಾದರೂ ಕೂತು ಕೆಲಸ ಮಾಡುತ್ತಿದ್ದರೆ ತಾನಾಗಿ ರೀಸ್ಟಾರ್ಟ್ ಆಗಕೂಡದು ಎಂದು ಅದರಲ್ಲಿ ಕಟ್ಟಪ್ಪಣೆ ಮಾಡಬಹುದಂತೆ. ಹುಡುಗ ಹುಡುಕಿ ನೋಡಿ ತಲೆಯಾಡಿಸಿದ: "ನಿಮ್ದು ಹೋಮ್ ಸಾರ್. ಪ್ರೊ ಆಗಿದ್ರೆ ಬರ್ತಿತ್ತು." ಮನೆಯವನಿಗೆ ಅಪ್ಪಣೆ ಕೊಡುವ ಹಕ್ಕಿಲ್ಲ, ಅದಕ್ಕೆ ಬೇರೆ ದುಡ್ಡು.

ಸೋದರಳಿಯ ಮಾತ್ರ ತಮ್ಮ ಪಕ್ಷ. "ಮಾವ, ಅಪ್‌ಡೇಟ್ ಹಾಕದವರ ಗತಿ ಏನಾಯ್ತು ಗೊತ್ತಾ?" ಎಂದು 2017ರ ಮೇ ತಿಂಗಳ ಕಥೆ ತೆಗೆದ. ವಾನ್ನಾಕ್ರೈ ಎಂಬ ಪಿಡುಗು ಬಂದು ಇಂಗ್ಲೆಂಡಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೂ ಬೀಗ ಜಡಿದು ದುಡ್ಡು ಕೇಳಿತಂತೆ. ಅದರ ಮದ್ದು ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲೇ ಬಂದಿತ್ತಂತೆ, ಹಾಕಿಕೊಂಡಿರದವರು ಸಿಕ್ಕಿಬಿದ್ದರಂತೆ. ಸರಿ ಮಾರಾಯ, ಮದ್ದು ಬೇಡ ಎಂದವರು ಯಾರು? ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಹೊಡೆಯದೆ ಕೊಳೆರೋಗಕ್ಕೆ ತೋಟ ಒಪ್ಪಿಸುವ ದಡ್ಡ ನಾನಲ್ಲ. ಆದರೆ ಬೋರ್ಡೋ ಹೊಡೆಯುವವನು ಗಿಡ ಹೂ ಬಿಟ್ಟು ನಿಂತಾಗ ಡ್ರಮ್ಮು ಹೊತ್ತು ಬಂದು, ಬಾಗಿಲು ಹಾಕಿಕೊಂಡು, ಮುಗಿಯುವವರೆಗೆ ನೀವು ನಿಮ್ಮ ತೋಟಕ್ಕೆ ಕಾಲಿಡಬೇಡಿ ಎಂದರೆ ಒಪ್ಪುತ್ತಾರಾ? ಯಾವಾಗ ಹೊಡೆಯಲಿ ಎಂದು ತೋಟದವನನ್ನು ಕೇಳುತ್ತಾನೆ. ಅಷ್ಟೇ ನಾನು ಹೇಳುವುದು. ಕೇಳಿ.

ಅಳಿಯ ಹೇಳದೆ ಬಿಟ್ಟ ಕಥೆಯನ್ನು ನಾನೇ ನೆನಪಿಸಿದೆ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದೇ ಒಂದು ತಪ್ಪು ಅಪ್‌ಡೇಟಿಗೆ ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಮುಖ ಮಾಡಿಕೊಂಡು ಕೂತವು. ಕಾವಲಿಗೆ ಇಟ್ಟ ನಾಯಿಯೇ ಮನೆಯವರನ್ನೆಲ್ಲ ಕಚ್ಚಿದ ಹಾಗೆ. ಅವತ್ತು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ವಿಮಾನವೇ ಹಾರಿತು ಕೈಬರಹದಲ್ಲಿ! ಅಳಿಯ "ಸಿಗ್ನಲ್ ಕಟ್ ಆಗ್ತಿದೆ ಮಾವ" ಎಂದ. ಸಿಗ್ನಲ್ ಚೆನ್ನಾಗಿಯೇ ಇತ್ತು, ನಾನು ಮೇಲಿನ ಮೆಟ್ಟಿಲ ಮೇಲಿದ್ದೆ.

ಶನಿವಾರ ಕರೆಂಟು ಬಂದ ಮೇಲೂ ಯಂತ್ರ ಏಳಲಿಲ್ಲ. ಮನೆಯಲ್ಲಿ ಈಗ ಎಲ್ಲವೂ 27. ಅನ್ನ ಆಯ್ತಾ ಎಂದರೆ ಇಪ್ಪತ್ತೇಳಾಗಿದೆ ಎನ್ನುತ್ತಾಳೆ ನನ್ನಾಕೆ. ಸ್ನಾನಕ್ಕೆ ನೀರು ಕಾಯ್ತಾ ಎಂದರೂ ಇಪ್ಪತ್ತೇಳೇ. ಸೋಮವಾರ ಯಂತ್ರವನ್ನು ಚೀಲಕ್ಕೆ ತುಂಬಿ, ಹಿರೇಬೈಲು, ಬಾಳೂರು, ಕೊಟ್ಟಿಗೆಹಾರ, ಬಣಕಲ್ ಎಂದು ಪ್ರತಿ ತಿರುವಿನಲ್ಲೂ ಅದನ್ನು ಕೂಸಿನಂತೆ ತಬ್ಬಿಕೊಂಡು ಮೂಡಿಗೆರೆಗೆ ತಂದು ಕೊಟ್ಟೆ. ಬುಧವಾರ ಬನ್ನಿ ಎಂದರು. ಕೊಯ್ಲಿನ ಕಾಲದಲ್ಲಿ ನನಗೆ ಎರಡು ದಿನ ಹಾಳು, ಎರಡು ಸಲ ಬಸ್ಸು.

ಇವತ್ತು ಬಂದೆ. ಹುಡುಗ ನಗುತ್ತಾ ಕೊಟ್ಟ. "ಸರಿಯಾಯ್ತು ಸಾರ್. ಮಧ್ಯದಲ್ಲಿ ನಿಂತಿತ್ತಲ್ಲ, ಆ ಅಪ್‌ಡೇಟ್ ಪೂರ್ತಿ ಹಾಕ್ಬಿಟ್ಟಿದೀನಿ." ಯಾವುದನ್ನು ತಡೆಯಲು ತಿಂಗಳುಗಟ್ಟಲೆ ಒದ್ದಾಡಿದೆನೋ ಅದನ್ನು ದುಡ್ಡು ಕೊಟ್ಟು ಹಾಕಿಸಿಕೊಂಡೆ. ಎಕ್ಸೆಲ್ಲಿನಲ್ಲಿ ಉಳಿದದ್ದು ಹೋದ ಬುಧವಾರದವರೆಗಿನ ಲೆಕ್ಕ ಮಾತ್ರ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ: "ನಿನ್ನೆ ಎರಡನೇ ಮಂಗಳವಾರ ಅಲ್ವಾ ಸಾರ್, ಹೊಸದು ಬಂದಿದೆ. ಮನೆಗೆ ಹೋಗಿ ನೆಟ್ ಹಾಕಿದ್ರೆ ಅದೇ ಹಾಕ್ಕೊಳ್ತದೆ."

2003ರಿಂದ ಹೀಗೇ ಅಂತೆ. ತಿಂಗಳ ಎರಡನೆಯ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಹತ್ತಕ್ಕೆ ಹೊರಡುತ್ತೀರಿ, ಚಳಿಗಾಲದಲ್ಲಿ ನಮಗದು ರಾತ್ರಿ ಹನ್ನೊಂದೂವರೆ. ಬುಧವಾರ ಬೆಳಗಾಗುವಾಗ ಅಂಗಳದಲ್ಲಿ ನಿಂತಿರುತ್ತೀರಿ.

ನೀನು ಯಾರಯ್ಯ? ಯಾರು ಕರೆದರು ನಿನ್ನನ್ನು? ಇಪ್ಪತ್ತೆರಡು ಜನ ಬೆಳಗಿಂದ ಸಂಜೆವರೆಗೆ ಇರುವೆ ಕಚ್ಚಿಸಿಕೊಂಡು ಹಣ್ಣು ಬಿಡಿಸಿ ಬಂದು ಜಗಲಿಯಲ್ಲಿ ಕೂತಿದ್ದರು. ರಾತ್ರಿ ಅಂಗಡಿ ಮುಚ್ಚುವ ಮೊದಲು ಅಕ್ಕಿ ತರಬೇಕಾದವರು. ಅವರ ಎದುರು ನನ್ನನ್ನು ಕಳ್ಳನ ಹಾಗೆ ನಿಲ್ಲಿಸಿದೆಯಲ್ಲ! ಲೆಕ್ಕ ಕಳೆದುಹೋಯಿತು ಎಂದು ಹೇಳುವ ಸಾವ್ಕಾರನ ಮುಖವನ್ನು ಆಳುಗಳು ಹೇಗೆ ನೋಡುತ್ತಾರೆ ಎಂದು ನಿನಗೆ ಗೊತ್ತಾ?

ಕ್ಷಮಿಸಿ, ಏಕವಚನ ಬಂತು. ಇರಲಿ, ಹೊಡೆದು ಹಾಕುವುದಿಲ್ಲ. ಪೆನ್ನಿನಲ್ಲಿ ಬರೆದದ್ದು.

ಕೊನೆಗೆ ಮರ್ಯಾದೆ ಉಳಿಸಿದ್ದು ಮೇಸ್ತ್ರಿಯ ಅಂಗಿಯ ಜೇಬು. ಅಂಗೈಯಷ್ಟು ಪುಸ್ತಕ, ಬೆವರಿಗೆ ಮೂಲೆಗಳೆಲ್ಲ ಮಡಚಿ ದಪ್ಪಗಾಗಿತ್ತು. ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದ ಅಂಕಿಗಳು, ಹೆಸರಿಲ್ಲ, ಗುರುತು ಮಾತ್ರ: ಉದ್ದದವನು, ಕೆಂಪು ಟೋಪಿ, ಅಜ್ಜಿ, ಅಜ್ಜಿಯ ಮಗಳು. ಲಾಟೀನಿನ ಬೆಳಕಿನಲ್ಲಿ ಅವನು ಓದಿದ, ನಾನು ಎಣಿಸಿದೆ. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೆರಡೂ ಜನರ ಬಟವಾಡೆ ಮುಗಿಯಿತು. ಒಂದು ಕಡೆ ಮಾತ್ರ ತೊಡಕು. ಅಜ್ಜಿಯ ಸಾಲಿನಲ್ಲಿ ಶುಕ್ರವಾರದ ಅಂಕಿ ಅಳಿಸಿತ್ತು, 68 ಎಂದೂ ಓದಬಹುದು, 86 ಎಂದೂ ಓದಬಹುದು. ಮೇಸ್ತ್ರಿ 68 ಎಂದ. ಅಜ್ಜಿ ಏನೂ ಹೇಳಲಿಲ್ಲ, ಕೈ ಚಾಚಿ ನಿಂತಳು. ಬೆರಳ ತುದಿಗಳೆಲ್ಲ ಕಾಫಿ ಅಂಟಿಗೆ ಕಪ್ಪಾಗಿದ್ದವು. 86ಕ್ಕೇ ಕೊಟ್ಟೆ.

ವ್ಯತ್ಯಾಸ 18 ಕೆಜಿ. ಭಾನುವಾರ ಹೊಸ ಮಸ್ಟರ್ ಪುಸ್ತಕ ತಂದು ರೂಲು ಹಾಕಿದ್ದೇನೆ. ಇಪ್ಪತ್ತಮೂರನೆಯ ಸಾಲಿನಲ್ಲಿ ತಮ್ಮ ಹೆಸರಿದೆ: ಅಪ್‌ಡೇಟ್. ಶನಿವಾರದ ಕಾಲಂನಲ್ಲಿ ಗೈರುಹಾಜರಿ, ಪಕ್ಕದಲ್ಲಿ 18 ಕೆಜಿಯ ಕೂಲಿ ಬಾಕಿ, ಕೊಡಬೇಕಾದವರು ತಾವು. ಮುಂದಿನ ಬಟವಾಡೆ ಇದೇ ಶನಿವಾರ ಐದೂವರೆಗೆ. ಹೇಗೂ ಆ ಹೊತ್ತಿಗೆ ತಾವು ನಮ್ಮ ಮನೆಯಲ್ಲೇ ಇರುತ್ತೀರಿ, ದುಡ್ಡು ಕಟ್ಟಿ ಸಹಿ ಹಾಕಿ ಹೋಗಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ನಡೆಯುತ್ತದೆ, ಇಂಕ್ ಪ್ಯಾಡ್ ಇದೆ.

ಬಸ್ಸು ಬಂತು.

ಇತಿ,
ಕಳಸದ ಒಬ್ಬ ಬೆಳೆಗಾರ