ಅಲ್ಪತ್ವದ ವಿಲೋಮವರ್ಗ ನಿಯಮ: ಅಲ್ಕಾಪುರಿಯ ಸಾಕ್ಷ್ಯಗಳ ಬೆಳಕಿನಲ್ಲಿ ಒಂದು ಪರಿಶೀಲನೆ

ಬ್ರಹ್ಮಾಂಡದ ಎದುರು ಮನುಷ್ಯ ಅಲ್ಪನೆಂಬುದು ಸರ್ವವಿದಿತ. ಆ ಅಲ್ಪತ್ವ ಎಷ್ಟು ದೂರದಲ್ಲಿ ಎಷ್ಟು ನೋಯುತ್ತದೆ ಎಂಬುದನ್ನು ಮಾತ್ರ ಪೂರ್ವಸೂರಿಗಳು ಅಳೆಯದೆ ಬಿಟ್ಟಿದ್ದಾರೆ. ಆ ಕೊರತೆ ತುಂಬುವ ಸೂತ್ರವಿದು: ಅಲ್ಪತ್ವದ ಸಂಕಟವು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ನ್ಯೂಟನ್ ಗುರುತ್ವದ ವಿಷಯದಲ್ಲಿ ಇದನ್ನೇ ಹೇಳಿ ಅಲ್ಲಿಗೇ ನಿಂತ. ಮದುವೆಯಾಗದವನು, ಷಡ್ಡಕರಿಲ್ಲದ್ದರಿಂದ ಮುಂದಿನ ಅಧ್ಯಾಯ ಹೊಳೆದಿರಲಾರದು.

ಮೊದಲು ದೂರದ ಸಾಕ್ಷ್ಯ. 2018ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ದೂರದರ್ಶಕದ ನೆರವಿನಿಂದ, ಸುಮಾರು 600 ಜ್ಯೋತಿರ್ವರ್ಷದಾಚೆ, ಭೂಮಿಯ 27 ಪಟ್ಟು ತೂಕದ ಗ್ರಹವೊಂದಿದೆಯೆಂದು ಸಾರಿದರು. ವಡೋದರದ ಅಲ್ಕಾಪುರಿಯಲ್ಲಿ ಅಂದು ಯಾರೂ ಊಟ ಬಿಟ್ಟ ದಾಖಲೆಯಿಲ್ಲ. ಆಕಾಶಗಂಗೆ ಲಕ್ಷ ಜ್ಯೋತಿರ್ವರ್ಷ ಅಗಲವಂತೆ ಎಂದರೂ ಜನ ಹೌದೇ ಎಂದು ಇನ್ನೊಂದು ಖಮಣ್ ಎತ್ತಿಕೊಳ್ಳುತ್ತಾರೆ. ಉಡುಪಿ ಸೀಮೆಯ ಅದಮಾರಿನಿಂದ ಅಹಮದಾಬಾದಿಗೆ ಬಂದು ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳನ್ನು ಅಭ್ಯಸಿಸಿದ ಯು.ಆರ್. ರಾವ್ ಅವರೂ ಬ್ರಹ್ಮಾಂಡ ಕಂಡು ಕುಗ್ಗಲಿಲ್ಲ. 1975ರಲ್ಲಿ ಅದರೊಳಕ್ಕೆ ಆರ್ಯಭಟ ಉಪಗ್ರಹವನ್ನೇ ಕಳಿಸಿಕೊಟ್ಟರು.

ಹತ್ತಿರದ ಸಾಕ್ಷ್ಯಕ್ಕೆ ದೂರದರ್ಶಕ ಬೇಕಿಲ್ಲ. ಅಲ್ಕಾಪುರಿಯ ಆರ್.ಸಿ. ದತ್ತ ರಸ್ತೆಯಲ್ಲಿ ಬ್ಯಾಂಕ್ ಆಫ್ ಬರೋಡಾದ ಪ್ರಧಾನ ಕಚೇರಿ ಇದೆ. 1908ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಸ್ಥಾಪಿಸಿದ ಬ್ಯಾಂಕು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಇದರಲ್ಲಿ ಲೀನವಾಯಿತು. (ದಿನಾಂಕವನ್ನು ಆರಿಸಿದ್ದು ಈ ಪ್ರಬಂಧಕಾರನಲ್ಲ.) ವಿಜಯಾದ 1000 ಷೇರಿಗೆ ಬರೋಡಾದ 402. ಅಲ್ಪತ್ವಕ್ಕೆ ಇಷ್ಟು ಖಚಿತವಾದ ಅಂಕಿಯನ್ನು ಖಗೋಳಶಾಸ್ತ್ರ ಈವರೆಗೆ ಕೊಟ್ಟಿಲ್ಲ. ಜೊತೆಗೇ ಲೀನವಾದ ದೇನಾ ಬ್ಯಾಂಕಿಗೆ ಸಿಕ್ಕಿದ್ದು 110 ಎಂಬುದೇ ಕರಾವಳಿಗರಿಗೆ ಉಳಿದ ಸಮಾಧಾನ. 2021ರ ಮಾರ್ಚ್ 1ರಿಂದ ಹಳೆಯ ಐಎಫ್‌ಎಸ್‌ಸಿ ಕೋಡುಗಳೂ ನಿಂತವು: ವಿಐಜೆಬಿ ಹೋಗಿ ಬಿಎಆರ್‌ಬಿ. ನಕ್ಷತ್ರ ಸತ್ತರೂ ಅದರ ಬೆಳಕು ಸಾವಿರಾರು ವರ್ಷ ಬರುತ್ತಿರುತ್ತದೆ; ಕೋಡಿಗೆ ಸಿಕ್ಕಿದ್ದು ಎರಡು ವರ್ಷಕ್ಕೂ ಕಡಿಮೆ.

ಪ್ರಯೋಗವನ್ನು 2020ರ ಅದೇ ಏಪ್ರಿಲ್ 1ರಂದು ಮತ್ತೆ ಮಾಡಿ ನೋಡಲಾಯಿತು. ಮಣಿಪಾಲದ ಸಿಂಡಿಕೇಟ್, ಮಂಗಳೂರಿನಲ್ಲಿ ಹುಟ್ಟಿದ ಕೆನರಾದಲ್ಲಿ ಸೇರಿತು. ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಸೂತ್ರದ ಪ್ರಕಾರ ಇಲ್ಲಿ ನೋವು ವಡೋದರದ್ದಕ್ಕಿಂತ ಬಹುಪಟ್ಟು ಹೆಚ್ಚಿರಬೇಕು. ಸಂಶಯವಿದ್ದವರು ಉಡುಪಿಯ ಯಾವುದಾದರೂ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಈ ವಿಷಯ ಎತ್ತಬಹುದು. ಪಾಯಸ ಬರುವವರೆಗೂ ಏಳುವಂತಿಲ್ಲ.

ಪೂರ್ವಪಕ್ಷ: ಮಗನ ಮನೆಯೆಂದು ಅಲ್ಕಾಪುರಿಗೆ ಬಂದು ನೆಲೆಸಿರುವ, ವಿಜಯಾದಲ್ಲೇ ನಿವೃತ್ತರಾದ ಹಿರಿಯರೊಬ್ಬರು ಈ ಸಿದ್ಧಾಂತವನ್ನು ಒಪ್ಪುವುದಿಲ್ಲ. "ನಾವು ಅವರಲ್ಲಿ ಸೇರಿದ್ದಲ್ಲ ಮಾರಾಯ್ರೆ, ಅವರು ನಮ್ಮನ್ನು ಕರೆದದ್ದು" ಎಂಬುದು ಅವರ ವಾದ. ಉತ್ತರಪಕ್ಷವಾಗಿ ಅವರ ಮುಂದೆ 600 ಜ್ಯೋತಿರ್ವರ್ಷದಾಚೆಯ ಆ ಗ್ರಹವನ್ನೇ ಇಡಲಾಯಿತು. ಅದು ತನ್ನ ನಕ್ಷತ್ರವನ್ನು ಸುಮಾರು 19.5 ದಿನಕ್ಕೆ ಒಮ್ಮೆ ಸುತ್ತುವುದನ್ನೂ ವಿವರಿಸಲಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದರೆ ಅಲ್ಲಿ ಎಫ್‌ಡಿ ಇಟ್ಟರೆ ವರ್ಷದ ಬಡ್ಡಿ 19 ದಿನಕ್ಕೇ ಬರ್ತದಾ? ಸೀನಿಯರ್ ಸಿಟಿಜನ್‌ಗೆ ಅರ್ಧ ಪರ್ಸೆಂಟ್ ಜಾಸ್ತಿ ಉಂಟಾ?"