ಸಾಲ್ಮನ್ ಮಹಾಶಯರಿಗೆ ತುಮಕೂರಿನ ಬಾಡಿಗೆದಾರನ ಬಹಿರಂಗ ಪತ್ರ

ಶ್ರೀಯುತ ಅಟ್ಲಾಂಟಿಕ್ ಸಾಲ್ಮನ್‌ರವರಿಗೆ,
ಸಮುದ್ರ ಪಂಜರ, ನಾರ್ವೆ ಕರಾವಳಿ.

ವಿಷಯ: ವಾರದ ದಿನ ರಾತ್ರಿ ಊಟಕ್ಕೆ ತಾವು ನಮ್ಮ ಮನೆಗೆ ದಯಮಾಡಿಸುವ ಪ್ರಸ್ತಾವದ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಮನೆಯಲ್ಲಿ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ಮಗಳ ಫೋನಿನಲ್ಲಿ ದಿನಾ ದರ್ಶನ ಕೊಡುತ್ತೀರಿ. ಒಂದು ಬಿಳೀ ಅಡುಗೆಮನೆ. ಬಟ್ಟಲಲ್ಲಿ ಜೇನುತುಪ್ಪ, ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ. ಅದನ್ನು ಬ್ರಷ್‌ನಲ್ಲಿ ತಮ್ಮ ಮೈಗೆ ಬಳಿದು 200 ಡಿಗ್ರಿಯ ಓವನ್ನಿನಲ್ಲಿ ಕಾಲು ಗಂಟೆ ಕೂರಿಸಿದರೆ ಆಯಿತು, ಹೊಸದಾಗಿ ವಾರ್ನಿಷ್ ಹೊಡೆದ ತೊಟ್ಟಿಲಿನ ಹಾಗೆ ಮಿರಮಿರ ಮಿಂಚುತ್ತಾ ಹೊರಗೆ ಬರುತ್ತೀರಿ. ಕೆಲಸದ ದಿನಕ್ಕೆ ಹೇಳಿಮಾಡಿಸಿದ ಸುಲಭದ ರಾತ್ರಿಯೂಟ, ಇಪ್ಪತ್ತೇ ನಿಮಿಷ ಎಂದು ವಿಡಿಯೋದ ಹೆಣ್ಣುಮಗಳು ನಗುತ್ತಾಳೆ. ಆಕೆಯ ಇಪ್ಪತ್ತು ನಿಮಿಷದ ಬಗ್ಗೆ ನಮ್ಮ ತಕರಾರೇನಿಲ್ಲ. ತಕರಾರಿರುವುದು ಕೆಲಸದ ದಿನದ ಬಗ್ಗೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಗುಬ್ಬಿ ತಾಲ್ಲೂಕಿನವನು, ಹೆಂಡತಿ ಕುಣಿಗಲ್ ಕಡೆಯವಳು, ಬಾಡಿಗೆ ಮನೆ ತುಮಕೂರಿನಲ್ಲಿ. ಎರಡೂ ಕಡೆಯವರು ಬಾಡೂಟದವರೇ. ಆದರೆ ಎರಡೂ ಕಡೆಯವರು ವಾರ ಮಾಡುವವರು. ಸೋಮವಾರ ಶಿವನದು, ಎಡೆಯೂರು ಸಿದ್ಧಲಿಂಗೇಶ್ವರನಿಗೆ ನಡೆದುಕೊಳ್ಳುವ ನಮ್ಮತ್ತೆ ಅವತ್ತು ಮೊಟ್ಟೆಯ ಸಿಪ್ಪೆಯನ್ನೂ ಹೊಸಿಲು ದಾಟಿಸುವುದಿಲ್ಲ. ಮಂಗಳವಾರ ದೇವಿಯದು. ನಮ್ಮೂರ ಮಾರಮ್ಮ ಅದೇ ಮಂಗಳವಾರ ಕೋಳಿ, ಕುರಿ ಕೇಳುತ್ತಾಳೆನ್ನುವುದು ನಿಜ, ಆದರೆ ಅದು ಅವಳಿಗೂ ಊರಿಗೂ ಬಿಟ್ಟ ವ್ಯವಹಾರ, ಬಾಡಿಗೆ ಮನೆಗೆ ಅನ್ವಯಿಸುವುದಿಲ್ಲ. ಗುರುವಾರ ರಾಯರದು. ಶುಕ್ರವಾರ ಲಕ್ಷ್ಮಿ. ಶನಿವಾರ ತಿಮ್ಮಪ್ಪ, ಆಂಜನೇಯ, ಶನಿಮಹಾತ್ಮ ಮೂವರೂ ಹಂಚಿಕೊಂಡಿದ್ದಾರೆ. ಗುಬ್ಬಿ ಕಡೆ ಒಂದಷ್ಟು ವಾರ, ಕುಣಿಗಲ್ ಕಡೆ ಒಂದಷ್ಟು ವಾರ. ಮದುವೆಯಾದ ಮೇಲೆ ಎರಡನ್ನೂ ಕೂಡಿಸಿದ್ದಾಗಿದೆ, ಯಾರೂ ಏನನ್ನೂ ಕಳೆದಿಲ್ಲ.

ಉಳಿದದ್ದು ಬುಧವಾರ ಮತ್ತು ಭಾನುವಾರ. ಭಾನುವಾರ ಕೆಲಸದ ದಿನವಲ್ಲ. ಆ ದಿನ ಇಪ್ಪತ್ತು ನಿಮಿಷದಲ್ಲಿ ಅಡುಗೆ ಮುಗಿಸಿದರೆ ನೆಂಟರು ಏನಂದುಕೊಂಡಾರು? ಹಾಗಾಗಿ ತಮಗೆ ಮಂಜೂರಾಗಬಹುದಾದದ್ದು ಬುಧವಾರ ಒಂದೇ. ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿ, ಸಂಕಷ್ಟಿ ಕಳೆಯಬೇಕು. ಶ್ರಾವಣ ಇಡೀ ತಿಂಗಳು ಕಳೆಯಬೇಕು. ಕಾರ್ತಿಕ, ಧನುರ್ಮಾಸ, ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ, ಆಮೇಲೆ ಗುಬ್ಬಿ ಚನ್ನಬಸವೇಶ್ವರನ ತೇರು. ಮನೆಯಲ್ಲಿ ಯಾರಾದರೂ ಅಯ್ಯಪ್ಪನ ಮಾಲೆ ಹಾಕಿದರೆ ಅದು ಬೇರೆ. ಭಾರತ ಸರ್ಕಾರ 2024ರ ಮಾರ್ಚ್‌ನಲ್ಲಿ ನಾರ್ವೆಯೂ ಸೇರಿದ ಯುರೋಪಿನ 4 ದೇಶಗಳ ಕೂಟದೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಮಾಡಿತು, 2025ರ ಅಕ್ಟೋಬರ್ 1ರಿಂದ ಅದು ಜಾರಿಗೂ ಬಂತು. ಸಂತೋಷ. ಆದರೆ ಆ ಒಪ್ಪಂದಕ್ಕೆ ಒಂಟಿಕೊಪ್ಪಲ್ ಪಂಚಾಂಗದವರ ಸಹಿ ಇಲ್ಲ.

1980ರ ದಶಕದಲ್ಲಿ ತಮ್ಮ ಕಡೆಯವರು ಜಪಾನಿಗೆ ಹೋಗಿ, ಸಾಲ್ಮನ್ನನ್ನು ಹಸಿಯಾಗಿ ಮುಟ್ಟದ ಜನಕ್ಕೆ ಹಸಿ ಸಾಲ್ಮನ್ ತಿನ್ನುವುದನ್ನು ಕಲಿಸಿ ಬಂದದ್ದನ್ನು ಓದಿ ಬಲ್ಲೆ. ಇವತ್ತು ಸುಶಿ ಎಂದರೆ ತಾವೇ. ಒಪ್ಪಿಸುವ ಚಾತುರ್ಯ ತಮಗಿದೆ. ಆದರೆ ನಮ್ಮತ್ತೆಗೆ ಜಪಾನಿ ಬರುವುದಿಲ್ಲ.

ಇನ್ನು ವಾಸಸ್ಥಳದ ಪ್ರಶ್ನೆ. ತುಮಕೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದರೆ ಮಾಲೀಕರು ಮೊದಲು ನೀರಿನ ಬಗ್ಗೆ ಹೇಳುತ್ತಾರೆ, ಆಮೇಲೆ ಅಡ್ವಾನ್ಸ್ ಬಗ್ಗೆ, ಚಪ್ಪಲಿ ಹಾಕಿಕೊಂಡು ಹೊರಡುವ ಹೊತ್ತಿಗೆ “ಊಟ ಗೀಟ ಎಲ್ಲಾ ಹೆಂಗೆ?” ಎನ್ನುತ್ತಾರೆ. ಆ ‘ಗೀಟ’ದಲ್ಲಿ ಮೀನು ಬರುತ್ತದೆ. ಕೋಳಿಗೆ ಎಲ್ಲೋ ಒಂದು ಕಡೆ ಮಾಫಿ ಉಂಟು, ಮೀನಿಗಿಲ್ಲ. ಕಾಟ್ಲಾ ಸಾರು ಕುದಿಯುವ ಹೊತ್ತಿಗೆ ನಮ್ಮ ಮನೆಯ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಸಾಂಬ್ರಾಣಿ ಹೊಗೆಯಾಡುತ್ತಿರುತ್ತದೆ, ಟೀವಿಯಲ್ಲಿ ಭಕ್ತಿಗೀತೆ ಜೋರಾಗಿರುತ್ತದೆ. ಮೆಟ್ಟಿಲ ಮೇಲೆ ಎದುರಾದ ಮಾಲೀಕರು, “ಇವತ್ತೇನೋ ವಿಶೇಷ ಪೂಜೆ ಇದ್ದಂಗೈತೆ” ಎಂದು ಕೇಳಿದಾಗ ಅವರ ಕಣ್ಣು ನೋಡುವ ಧೈರ್ಯ ನಮಗೆ ಬಂದಿಲ್ಲ.

ಆದರೆ ತಮ್ಮ ವಿಷಯವೇ ಬೇರೆ ಎಂದು ಈಚೆಗೆ ಗೊತ್ತಾಯಿತು. ವಿದೇಶದಿಂದ ರಜೆಗೆ ಬಂದ ಮಾಲೀಕರ ಮಗ ಮಹಡಿಯ ಮೇಲೆ ತಮ್ಮನ್ನೇ ಬೇಯಿಸಿದ. ಕಿಟಕಿ ತೆರೆದೇ ಇತ್ತು. ವಾಸನೆ ನಮ್ಮ ಮನೆಯ ದೇವರ ಗೂಡಿನವರೆಗೂ ಬಂತು. ಮಾರನೆಯ ದಿನ ಮಾಲೀಕರೇ ವಿವರಣೆ ಕೊಟ್ಟರು: “ಅದು ಮೀನಲ್ಲ ಸಾರ್, ಒಮೇಗಾ ತ್ರೀ. ಹಾರ್ಟಿಗೆ ಒಳ್ಳೇದು.” ಅಂದರೆ ತಾವು ಅಡುಗೆಮನೆಗೆ ಬರುವುದು ಮೀನಾಗಿ ಅಲ್ಲ, ಔಷಧಿಯಾಗಿ. ಮಂಗಳೂರಿನಿಂದ ಐಸ್ ತುಂಬಿಕೊಂಡು ರಾತ್ರೋರಾತ್ರಿ ಕುಣಿಗಲ್ ಮೇಲೆ ಹಾದುಹೋಗುವ ಲಾರಿಗಳಲ್ಲಿರುವ ಬಂಗುಡೆ, ಬೂತಾಯಿಗಳ ಮೈಯಲ್ಲೂ ಅದೇ ಒಮೇಗಾ ತ್ರೀ ಧಾರಾಳವಾಗಿದೆ. ಪಾಪ, ಅವುಗಳ ಕೈಯಲ್ಲಿ ಡಾಕ್ಟರ ಚೀಟಿ ಇಲ್ಲ. ಕಿಲೋಗೆ ಇನ್ನೂರರ ಆಸುಪಾಸಿನಲ್ಲಿ ಸಿಕ್ಕುವ ಮೀನು ನಾರುತ್ತದೆ. ಸಾವಿರಗಳ ಲೆಕ್ಕದಲ್ಲಿ ವಿಮಾನವೇರಿ ಬಂದದ್ದು ಸುವಾಸನೆ ಬೀರುತ್ತದೆ. ಮೂಗಿಗೂ ದರಪಟ್ಟಿ ಓದಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಣ್ಣದ ವಿಷಯವನ್ನೂ ಕೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಕಡಲಲ್ಲಿ ಸ್ವತಂತ್ರವಾಗಿ ಬೆಳೆಯುವ ಸಾಲ್ಮನ್ ಸೀಗಡಿಯಂಥ ಸಣ್ಣ ಜೀವಿಗಳನ್ನು ತಿಂದು ಕೆಂಪಾಗುತ್ತದೆ. ಪಂಜರದಲ್ಲಿ ಬೆಳೆದ ತಮಗೆ ಆ ಬಣ್ಣ ಬರುವುದು ಮೇವಿನಲ್ಲಿ ಬೆರೆಸುವ ಅಸ್ಟಾಕ್ಸಾಂಥಿನ್‌ನಿಂದ. ಅದಿಲ್ಲದಿದ್ದರೆ ತಮ್ಮ ಮಾಂಸ ಬೂದು. ಯಾವ ಗುಲಾಬಿ ಬೇಕೆಂದು ನೋಡಿಕೊಳ್ಳಲು ಸಾಕಣೆಯವರ ಹತ್ತಿರ ಬೀಸಣಿಗೆಯಂತೆ ಬಿಚ್ಚುವ ಬಣ್ಣದ ಪಟ್ಟಿಯೇ ಇರುತ್ತದೆ. ನಮ್ಮಲ್ಲಿ ಮನೆಗೆ ಸುಣ್ಣಬಣ್ಣ ಹೊಡೆಸುವಾಗ ಅಂಗಡಿಯವನು ಅಂಥದ್ದನ್ನು ಮುಂದಿಡುತ್ತಾನೆ. ಅದರ ಮೇಲೆ ಜೇನಿನ ಲೇಪನ ಬೇರೆ. ಗುಬ್ಬಿಯವನಾದ ನನಗೆ ಬಣ್ಣ ಹಚ್ಚಿಕೊಳ್ಳುವವರ ಬಗ್ಗೆ ಗೌರವ ಜಾಸ್ತಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿತ್ತು. ಆನೆಗಳು ಬಣ್ಣ ಕೇಳಲಿಲ್ಲ ಅಷ್ಟೆ.

ಈಗ ಪ್ರಯಾಣ. ತಮ್ಮ ವಂಶದ ಕೀರ್ತಿಯೇ ಅದಲ್ಲವೇ: ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಹುಟ್ಟಿದ ನೀರಿನ ವಾಸನೆ ಹಿಡಿದು ಪ್ರವಾಹಕ್ಕೆ ಎದುರಾಗಿ ಈಜಿ ವಾಪಸ್ಸು ಬರುವುದು. ಪಂಜರದವರಾದ ತಮಗೆ ಆ ಭಾಗ್ಯ ಸಿಕ್ಕಿಲ್ಲ. ಒಮ್ಮೆ ನಮ್ಮ ಕಡೆ ಪ್ರಯತ್ನಿಸಬಾರದೇಕೆ? ದಾರಿ ಹೇಳುತ್ತೇನೆ. ಬಂಗಾಳ ಕೊಲ್ಲಿಯಿಂದ ಕಾವೇರಿ ಹಿಡಿಯಿರಿ. ಕಲ್ಲಣೆ ದಾಟಿ, ಮೆಟ್ಟೂರು ಅಣೆಕಟ್ಟು ನೆಗೆದು, ಹೊಗೇನಕಲ್ ಹತ್ತಿ ಮೇಕೆದಾಟಿನವರೆಗೆ ಬನ್ನಿ. ಅಲ್ಲಿ ನಿಂತು ಯಾವ ರಾಜ್ಯದ ಪರವಾಗಿಯೂ ಮಾತಾಡಬೇಡಿ. ಆಮೇಲೆ ಬಲಕ್ಕೆ ಶಿಂಷಾ. ಮದ್ದೂರಿನಲ್ಲಿ ವಡೆ ತಿನ್ನಬಹುದು. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ನೀರು ಮಟ್ಟ ಮೀರಿದರೆ ತಾನೇ ಹೊರಚೆಲ್ಲುವ ಸೈಫನ್ ವ್ಯವಸ್ಥೆ ಅಲ್ಲಿದೆ, ಯಾರೂ ಗೇಟು ಎತ್ತಬೇಕಿಲ್ಲ, ಆದರೆ ಕೆಳಗಿನಿಂದ ಮೇಲೆ ಬರುವವರಿಗಾಗಿ ಕಟ್ಟಿದ್ದಲ್ಲ. ಅದನ್ನೂ ದಾಟಿದರೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕೊನೆಗೆ ಶಿಂಷೆ ಹುಟ್ಟುವ ದೇವರಾಯನದುರ್ಗ. ಅಲ್ಲಿ ತಮಗೆ ಮೊಟ್ಟೆಯಿಡಲು ಬೇಕಾದ ತಣ್ಣನೆಯ ಹರಿಯುವ ನೀರು ಇರುವುದಿಲ್ಲ. ಏಪ್ರಿಲ್ಲಿನಲ್ಲಾದರೆ ನೀರೇ ಇರುವುದಿಲ್ಲ.

ನೀರಿನ ಮಾತು ಬಂತು, ಆದ್ದರಿಂದ ಸ್ವಲ್ಪ ಮೆಲ್ಲಗೆ ಮಾತಾಡಬೇಕು. ನಮ್ಮ ಕೆರೆಗಳು ಈಗ ಬಾಯಿ ಬಿಟ್ಟುಕೊಂಡು ನೋಡುವುದು ಮಳೆಯನ್ನಷ್ಟೇ ಅಲ್ಲ, ಹಾಸನದ ಗೊರೂರಿನಿಂದ ನಾಲೆಯಲ್ಲಿ ಬರುವ ಹೇಮಾವತಿಯನ್ನೂ. ನಮ್ಮ ಪಾಲು ನಮಗೆ ಬಂದೇ ಇಲ್ಲ, ನೇರವಾಗಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಕು ಎನ್ನುವುದು ಕುಣಿಗಲ್. ಹಾಗೆ ತಿರುಗಿಸಿದರೆ ನಮಗೆ ಸಿಗುವುದು ಪೈಪು ನೋಡುವ ಭಾಗ್ಯ ಎನ್ನುವುದು ಗುಬ್ಬಿ, ತುಮಕೂರು. 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಜನ ಕಾಮಗಾರಿಯ ಜಾಗಕ್ಕೇ ನುಗ್ಗಿದರು. ಈ ವ್ಯಾಜ್ಯ ನಮ್ಮ ಊಟದ ಮನೆಯಲ್ಲೂ ಇದೆ: ನಮ್ಮಮ್ಮ ಗುಬ್ಬಿ, ಅತ್ತೆ ಕುಣಿಗಲ್. ಒಂದೇ ಚೊಂಬಿನ ನೀರನ್ನು ಇಬ್ಬರಿಗೂ ಬಡಿಸುವ ನನ್ನ ಹೆಂಡತಿಯನ್ನು ಕಾವೇರಿ ಪ್ರಾಧಿಕಾರಕ್ಕೆ ನೇಮಿಸಬಹುದು.

ಆದರೆ ಕೆರೆ ತುಂಬಿ ಕೋಡಿ ಬಿದ್ದ ದಿನ ತಾವು ಬಂದು ನೋಡಬೇಕು. ಕುಣಿಗಲ್ ದೊಡ್ಡಕೆರೆಯಾಗಲಿ ಕಡಬದ ಕೆರೆಯಾಗಲಿ, ಬೀಳುವ ನೀರಿಗೆ ಎದುರಾಗಿ ಮೀನು ಹಾರುತ್ತದೆ. ಸೀರೆ, ಪಂಚೆ, ಸೊಳ್ಳೆಪರದೆ, ಪ್ಲಾಸ್ಟಿಕ್ ಬುಟ್ಟಿ ಹಿಡಿದು ಊರಿಗೆ ಊರೇ ಮೊಣಕಾಲುದ್ದ ನೀರಲ್ಲಿ ನಿಂತಿರುತ್ತದೆ. ಕೆರೆ ಹರಾಜು ಹಿಡಿದವನು ದಂಡೆಯ ಮೇಲೆ ನಿಂತು ಬೈಯುತ್ತಿರುತ್ತಾನೆ. ಅವತ್ತು ಯಾವ ವಾರ ಎಂದು ಕೇಳಿದವರನ್ನು ನಾನು ನೋಡಿಲ್ಲ.

ಇವೆಲ್ಲ ನಮ್ಮ ಸ್ವಂತ ಮೀನುಗಳೆಂದು ಎದೆ ತಟ್ಟಿಕೊಳ್ಳುತ್ತಿಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯವು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸಿದ ಮೇಲೆ ಮರಿಗಳು ಊರೂರ ಕೆರೆಗೆ ಬಂದವು. ಜಿಲೇಬಿ ಅಂತ ನಾವು ಕರೆಯುವ ತಿಲಾಪಿಯಾ ಆಫ್ರಿಕಾದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಅವೆಲ್ಲ ಬಂದವು, ನಮ್ಮ ಕೆಸರು ತಿಂದವು, ನಮ್ಮವಾದವು. ತಾವು ಕೆಸರು ತಿನ್ನುವ ಯೋಚನೆ ಇದ್ದರೆ ತಿಳಿಸಿ.

ಲೇಪನದ ವಿಚಾರದಲ್ಲೂ ನಾವು ತೀರಾ ಬರಿಗೈಯವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದಕ್ಕೆಂದೇ ಒಂದು ಭಾಗವಿದೆ, ಮೀನಿನ ತುಂಡಿಗೆ ಹುಣಸೆ ರಸ ಸೇರಿಸಿ ಬೇಯಿಸುವ ಮಾತೂ ಇದೆ. 16ನೇ ಶತಮಾನದ ಮೂರನೇ ಮಂಗರಸನ ‘ಸೂಪಶಾಸ್ತ್ರ’ ಪೂರಾ ಸಸ್ಯಾಹಾರಿ. ನಮ್ಮ ಮನೆಯ ಲೆಕ್ಕದಲ್ಲಿ ಸೋಮೇಶ್ವರ ಬುಧವಾರ, ಭಾನುವಾರಕ್ಕೆ. ಉಳಿದ ವಾರವೆಲ್ಲ ಮಂಗರಸನದು.

ಆದ್ದರಿಂದ ಇರುವ ಒಂದು ಬುಧವಾರಕ್ಕೆ ನಮ್ಮಮ್ಮ ಕೊರಮೀನನ್ನು ಗೊತ್ತು ಮಾಡಿದ್ದಾಳೆ. ಕಾಟ್ಲಾದಲ್ಲಿ ಸಣ್ಣ ಕವಲುಮುಳ್ಳು ಜಾಸ್ತಿ, ಆಫೀಸಿನಿಂದ ಸುಸ್ತಾಗಿ ಬಂದವರಿಗೆ ಅದು ಆಗದು. ಕೊರಮೀನಿನಲ್ಲಿ ಮುಳ್ಳು ಕಡಿಮೆ. ಆದರೆ ಅದರ ಮೈ ಲೋಳೆ. ಕಿವಿರು ಎತ್ತಿ ಕೆಂಪಗಿದೆಯೇ ನೋಡಿದ ಮೇಲೆ ಅಮ್ಮ ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜುತ್ತಾಳೆ, ಕಲ್ಲುಪ್ಪು ಹಾಕಿ ಮತ್ತೆ ಉಜ್ಜುತ್ತಾಳೆ, ನೀರು ತಿಳಿಯಾಗುವವರೆಗೂ ಬಿಡುವುದಿಲ್ಲ. ಬೆರಳು ದಪ್ಪದ ತುಂಡಿಗೆ ಅರಿಶಿನ, ಉಪ್ಪು, ಖಾರದ ಪುಡಿ. ಕಾವಲಿಯಲ್ಲಿ ಎಣ್ಣೆ ಕಾದ ಮೇಲೆ ಒಂದೊಂದು ಮಗ್ಗುಲಿಗೂ ಮೂರು ನಾಲ್ಕು ನಿಮಿಷ. ಪಕ್ಕದ ಒಲೆಯಲ್ಲಿ ಗಟ್ಟಿ ಹುಣಸೆ ರಸ, ಒಂದು ಉಂಡೆ ಬೆಲ್ಲ, ಜಜ್ಜಿದ ಬೆಳ್ಳುಳ್ಳಿ. ಬೆರಳ ನಡುವೆ ಅಂಟುವ ಹೊತ್ತಿಗೆ ಇಳಿಸಿ ಮೀನಿನ ಮೇಲೆ ಸುರಿಯಬೇಕು. ಬೆಲ್ಲವನ್ನು ಮೊದಲೇ ಕಾವಲಿಗೆ ಹಾಕಿದರೆ ಸೀದು ಕಹಿಯಾಗುತ್ತದೆ, ತಮ್ಮ ಜೇನಿಗೂ ಅದೇ ನಿಯಮ. ಹುಣಸೆಗೆ ತುಮಕೂರಿನ ಮಂಡಿಯೇ ಇದೆ, ದೂರ ಹೋಗಬೇಕಿಲ್ಲ. ಜೊತೆಗೆ ಬಿಸಿ ಮುದ್ದೆ.

ಇಪ್ಪತ್ತು ನಿಮಿಷ, ನಿಜ. ಅಮ್ಮ ಕಲ್ಲಿನ ಮೇಲೆ ಉಜ್ಜಿದ ಮುಕ್ಕಾಲು ಗಂಟೆಯನ್ನು ಯಾವ ವಿಡಿಯೋದವರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾವೂ ತೆಗೆದುಕೊಂಡಿಲ್ಲ. ತಮ್ಮನ್ನು ಸೀಳಿ, ಮುಳ್ಳು ಕಿತ್ತು, ಪೊಟ್ಟಣ ಕಟ್ಟಿದವರ ಹೊತ್ತೂ ಹಾಗೇ ಎಲ್ಲೋ ಜಮೆಯಾಗದೆ ಉಳಿದಿರಬೇಕು.

ಈ ಎಲ್ಲ ಕಾರಣಗಳಿಂದ ತಮ್ಮ ಪ್ರಸ್ತಾವವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಮಹಡಿಗೆ ಬರುವುದಾದರೆ ನಮ್ಮ ಅಡ್ಡಿ ಇಲ್ಲ. ಅಲ್ಲಿ ವಾರವೂ ಇಲ್ಲ, ಬಾಡಿಗೆಯೂ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಬಾಡಿಗೆದಾರ, ತುಮಕೂರು.

ಪ್ರತಿ: ಕಡಬದ ಕೆರೆಯ ಕೊರಮೀನುಗಳಿಗೆ, ಮುಂದಿನ ಸೂಕ್ತ ಕ್ರಮಕ್ಕಾಗಿ.
ಪ್ರತಿ: ಅತ್ತೆಯವರಿಗೆ, ಬರುವ ಬುಧವಾರ ಸಂಕಷ್ಟಿಯೋ ಅಲ್ಲವೋ ದೃಢೀಕರಿಸಲು ಕೋರಿ.
ಪ್ರತಿ: ಮನೆ ಮಾಲೀಕರಿಗೆ. ಕಳುಹಿಸಿಲ್ಲ.